ಗಂಜಿ ಕುಡಿದ ಕುರಿಗಳು

ನಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಕೇಳದಿದ್ದರೂ ಹೇಳುವ ಚಟ ನನಗೆ. ಎದುರಿಗೆ ಕೂತವರು ಒಮ್ಮೆ ತಲೆಯಾಡಿಸಿದರೆ ಸಾಕು, ಊಟದ ಹೊತ್ತಾಗಲಿ ಬಸ್ ಸ್ಟ್ಯಾಂಡಾಗಲಿ, ಪಾಠ ಶುರು. ಈ ಚಟದ ದೆಸೆಯಿಂದ ಒಂದು ವರ್ಷ ನಮ್ಮ ಮನೆಯ ಕುರಿಗಳು ಕಂಬಳಿ ಹೊದ್ದುಕೊಂಡು ಓಡಾಡಿದವು, ನನ್ನ ಪಾಲಿನ ಮುದ್ದೆ ತಿಂದವು. ನಾನು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಮೂಲಂಗಿ ತಿಂದೆ. ತಪ್ಪು ನನ್ನದೇ. ಪೂರ್ತಿ ನನ್ನದಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದಿಲ್ಲ.

ನಾನು ಮದುವೆಯಾಗಿ ಬಂದ ಮನೆ ಗುಬ್ಬಿ ಸೀಮೆಯದೇ ಕಡಬದ ಕೆರೆಯಿಂದ ಸ್ವಲ್ಪ ದೂರ. ಗಂಡ ವಸಂತನರಸಾಪುರದ ಫ್ಯಾಕ್ಟರಿಗೆ ಶಿಫ್ಟ್ ಲೆಕ್ಕದಲ್ಲಿ ಹೋಗಿಬರುತ್ತಾರೆ. ಮಾವ ಕಂಬಳಿ ನೇಯುತ್ತಾರೆ. ನಮ್ಮ ಕುಲದಲ್ಲಿ ಯಾರ ಮದುವೆಯಾದರೂ ಹೆಣ್ಣುಗಂಡು ಕೂರುವ ಗದ್ದುಗೆಗೆ ಕರಿ ಕಂಬಳಿ ಹಾಸಬೇಕು, ಅದು ನಮ್ಮ ಮಾವನ ಮಗ್ಗದಿಂದಲೇ ಹೋಗಬೇಕು. ಆ ಕಂಬಳಿಗೆ ಬಣ್ಣ ಮುಟ್ಟಿಸುವಂತಿಲ್ಲ. ಹುಟ್ಟಾ ಕರಿ ಉಣ್ಣೆಯೇ ಆಗಬೇಕು. ಹಾಗಾಗಿ ಮನೆಯ ಹಿಂದೆ ಮುಳ್ಳುಬೇಲಿ ಹಾಕಿದ ರೊಪ್ಪದಲ್ಲಿ ಇರುವ ಕುರಿಗಳೆಲ್ಲ ಕಪ್ಪು. ಅಕಸ್ಮಾತ್ ಅಲ್ಲಿ ಬಿಳಿ ಮರಿ ಹುಟ್ಟಿತೋ, ಮೂರನೇ ದಿನ ಅದನ್ನು ಹಾಲು ಕರೆಯುವ ಮೇಕೆ ಇರುವ ಯಾರದಾದರೂ ಮನೆಗೆ ಕೊಟ್ಟುಬಿಡಬೇಕು. ಅದು ಮಾವನ ಅಪ್ಪನ ಕಾಲಕ್ಕಿಂತ ಹಿಂದಿನ ಪದ್ಧತಿ.

ಕರಿ ಉಣ್ಣೆಗೆ ಕೈ ಮುಗಿಯುವ ಮನೆಯಲ್ಲಿ ಕರೀ ಸೊಸೆಗೆ ಏನಪ್ಪ ಕಷ್ಟ ಅಂತ ನೀವು ಅಂದುಕೊಂಡರೆ ನೀವು ಗಂಡಸರೇ ಇರಬೇಕು. ಹೆಣ್ಣು ನೋಡಲು ನಮ್ಮ ತುಮಕೂರಿನ ಮನೆಗೆ ಬಂದಾಗ, ಇವರ ಕಡೆಯ ದೊಡ್ಡಮ್ಮ ಒಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬುಡಿ, ಓದಾದ್ರೂ ಓದವ್ಳಲ್ಲಾ" ಅಂದಿದ್ದರು. ಅಷ್ಟೇ ಮಾತು. ಚಿಕ್ಕಂದಿನಲ್ಲಿ ನಮ್ಮಜ್ಜಿ ನನ್ನ ಮುಖಕ್ಕೆ ಕಡಲೆಹಿಟ್ಟು ಉಜ್ಜಿ ಉಜ್ಜಿ ಚರ್ಮ ಹೋಗಿತ್ತೇ ಹೊರತು ಬಣ್ಣ ಹೋಗಿರಲಿಲ್ಲ. ಹಾಗಾಗಿ ನಾನು ಬಸುರಿ ಅಂತ ಗೊತ್ತಾದಾಗ ನನಗೆ ಇದ್ದದ್ದು ಒಂದೇ ಹೆದರಿಕೆ. ಗಂಡೋ ಹೆಣ್ಣೋ ಅನ್ನುವುದಲ್ಲ. ಈ ಮನೆಯಲ್ಲಿ ನನ್ನ ಮಗುವನ್ನು ಬಣ್ಣ ನೋಡಿ ಅಳೆದುಬಿಟ್ಟರೆ ಏನು ಮಾಡಲಿ ಅನ್ನುವುದು. ನನ್ನನ್ನು ಅಳೆದದ್ದನ್ನು ನುಂಗಿಕೊಂಡಿದ್ದೆ. ಮಗುವನ್ನು ಅಳೆದರೆ ನುಂಗಿಕೊಳ್ಳಲು ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅದೇ ಹೊತ್ತಿಗೆ ರೊಪ್ಪದಲ್ಲಿ ಟಗರಿನ ಮೇಲೆ ಆಪಾದನೆ ಬಂದಿತ್ತು. ಹಳೆಯ ಟಗರು ಸತ್ತ ಮೇಲೆ ಮಾವ ಕುಣಿಗಲ್ ಸಂತೆಯಿಂದ ಒಂದು ಹೊಸದನ್ನು ತಂದಿದ್ದರು. ಇದ್ದಿಲಿನಂಥ ಕಪ್ಪು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಅದರ ಉಣ್ಣೆ ಉಜ್ಜಿ ನೋಡಿ, ಕಣ್ಣು ಮುಚ್ಚಿಕೊಂಡು, "ಇದೇ" ಅಂದಿದ್ದರಂತೆ. ಮಾವನ ಬೆರಳು ಸುಳ್ಳು ಹೇಳುವುದಿಲ್ಲ ಅಂತ ಸುತ್ತಲಿನ ಊರಿನವರಿಗೆಲ್ಲ ನಂಬಿಕೆ. ಆದರೆ ಆ ಟಗರಿಗೆ ಹುಟ್ಟಿದ ಮೊದಲ ಸಲದ ಮರಿಗಳಲ್ಲಿ ಎರಡು ಬಿಳಿ. ಉಳಿದವು ಕಪ್ಪೇ, ಆದರೆ ಅವುಗಳಲ್ಲಿ ಕೆಲವಕ್ಕೆ ಮೈಮೇಲೆ ಉಣ್ಣೆಯ ಬದಲು ಒರಟು ಕೂದಲು. ತೆಂಗಿನ ನಾರನ್ನಾದರೂ ಹೊಸೆಯಬಹುದು, ಅದನ್ನು ಹೊಸೆಯಲು ಆಗುತ್ತಿರಲಿಲ್ಲ.

"ಕುಣಿಗಲ್ ಟಗರು ಮೋಸ ಮಾಡ್ತು" ಅಂದರು ಅತ್ತೆ, ಟಗರು ಏನೋ ಸಹಿ ಹಾಕಿಕೊಟ್ಟು ತಪ್ಪಿಸಿಕೊಂಡ ಹಾಗೆ.

ಮಾವ ಅನ್ನ ಬಿಟ್ಟರು ಅನ್ನುವಷ್ಟು ಸೊರಗಿದರು. ನನಗೆ ಅಯ್ಯೋ ಅನ್ನಿಸಿತು. ಒಂದು ಸಂಜೆ ಊಟಕ್ಕೆ ಕೂತಾಗ ಅವರು ನನ್ನ ಕಡೆ ನೋಡಿ, "ಏನವ್ವಾ, ನೀನು ಇದ್ನೇ ಅಲ್ವಾ ಓದಿರೋದು? ಕರೀದಕ್ಕೂ ಕರೀದಕ್ಕೂ ಬಿಳೀದು ಹೆಂಗ್ ಹುಟ್ತದೆ?" ಅಂದರು. ಅಂದು ತಲೆಯಾಡಿಸಿದರು ಬೇರೆ.

ಮುಗಿಯಿತು. ನಾನು ಎದ್ದು ಹೋಗಿ ಅಡುಗೆಮನೆಯಿಂದ ಕರಿ ಎಳ್ಳು, ಬಿಳಿ ಎಳ್ಳು ತಂದೆ. ಒಂದೊಂದು ಕುರಿಯ ಒಳಗೂ ಬಣ್ಣಕ್ಕೆ ಎರಡೆರಡು ಕಾಳು, ಅಪ್ಪನಿಂದ ಒಂದು, ಅವ್ವನಿಂದ ಒಂದು ಅಂತ ಇಟ್ಟುಕೊಳ್ಳಿ ಮಾವ. ಒಂದು ಕರಿ ಕಾಳಿದ್ದರೂ ಸಾಕು, ಮೈ ಕಪ್ಪೇ. ಬಿಳಿ ಕಾಳು ಒಳಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಟಗರಿನಲ್ಲೂ ಒಂದು ಬಿಳಿ ಕೂತಿತ್ತು, ಕುರಿಯಲ್ಲೂ ಒಂದು ಕೂತಿತ್ತು, ಮರಿಗೆ ಎರಡೂ ಬಿಳಿಯವೇ ಬಂದವು. ಟಗರಿನದೊಂದೇ ತಪ್ಪಲ್ಲ, ನಿಮ್ಮ ಕುರಿಗಳದೂ ಇದೆ. ತಟ್ಟೆಯ ಪಕ್ಕದಲ್ಲಿ ಎಳ್ಳು ಜೋಡಿಸಿ ತೋರಿಸಿದೆ. ನಿಜ ಇದಕ್ಕಿಂತ ಸ್ವಲ್ಪ ಗೋಜಲು, ಆದರೆ ಊಟದ ಹೊತ್ತಿಗೆ ಅಷ್ಟು ಸಾಕು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣೆ.

"ಬಣ್ಣ ಇರ್ಲಿ. ಉಣ್ಣೆ ಯಾಕೆ ಕೂದ್ಲಾಯ್ತು?" ಅಂದರು ಮಾವ.

ಅದಕ್ಕೂ ಉತ್ತರವಿತ್ತು ನನ್ನ ಹತ್ತಿರ. ಅರ್ಧ ತಳಿಯ ಗುಣ. ಇನ್ನರ್ಧ ತಾಯಿಯ ಹೊಟ್ಟೆಯದು. ಮರಿಯ ಚರ್ಮದಲ್ಲಿ ಮೊದಲು ಒರಟು ಕೂದಲಿನ ಬುಡಗಳು ಹುಟ್ಟುತ್ತವೆ, ಆಮೇಲೆ, ಬಸಿರಿನ ಕೊನೆಯ ಎರಡು ತಿಂಗಳಲ್ಲಿ, ಮೆತ್ತನೆಯ ಉಣ್ಣೆಯ ಬುಡಗಳು. ಆಗ ತಾಯಿಗೆ ಮೇವು ಸಾಲದಿದ್ದರೆ ಈ ಎರಡನೆಯವು ಕಡಿಮೆಯಾಗುತ್ತವೆ. ವಂಶದಿಂದ ಬಂದದ್ದು ಬದಲಾಗದೆಯೂ ಅದು ಕೆಲಸ ಮಾಡುವ ರೀತಿ ಬದಲಾಗಬಹುದು. ಇದನ್ನು ಮಾವನಿಗೆ ಹೇಗೆ ಹೇಳುವುದು ಅಂತ ನೋಡಿದರೆ ಎದುರಿಗೇ ಮಗ್ಗ. ಕಂಬಳಿಯ ಹಾಸಿಗೆ, ಅಂದರೆ ಉದ್ದದ ನೂಲಿಗೆ, ಹುಣಸೆ ಬೀಜ ಬೇಯಿಸಿ ಅರೆದ ಗಂಜಿ ಹಚ್ಚುತ್ತಾರೆ. ನೂಲು ಅದೇ, ಆದರೆ ಗಂಜಿ ಕುಡಿದ ನೂಲು ಬೇರೆ ಥರ ನಡೆದುಕೊಳ್ಳುತ್ತದೆ. "ವಂಶ ಅಂದರೆ ನೂಲು ಮಾವ. ಅದಕ್ಕೆ ಗಂಜಿ ಹಚ್ಚೋದು ತಾಯಿ. ತಾಯಿ ಉಂಡದ್ದು, ಕಂಡದ್ದು, ಹೆದರಿದ್ದು, ಎಲ್ಲದರ ಗುರುತೂ ಮರಿ ಮೇಲೆ ಉಳಿಯುತ್ತೆ" ಅಂದುಬಿಟ್ಟೆ.

ಉಂಡದ್ದು ಸರಿ. ಹೆದರಿದ್ದೂ ಒಂದು ಮಟ್ಟಿಗೆ ಸರಿ. ಆ 'ಕಂಡದ್ದು' ಅನ್ನುವುದಿದೆಯಲ್ಲ, ಅದನ್ನು ನಾನು ಸೇರಿಸಿದ್ದು ಮಾತಿನ ಲಯಕ್ಕೆ. ಕ್ಲಾಸಿನಲ್ಲಿ ಹೀಗೆ ಮೂರು ಮೂರು ಸೇರಿಸಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಬಣ್ಣ ನೂಲಿನದು, ಅದಕ್ಕೆ ಗಂಜಿ ತಾಗುವುದಿಲ್ಲ ಅಂತಲೂ ಹೇಳಿದೆ. ಯಾರು ಕೇಳಿಸಿಕೊಳ್ಳುತ್ತಾರೆ? ಮಾವ ಕೈ ತೊಳೆದುಕೊಂಡು, "ಗೊತ್ತಾಯ್ತು ಬುಡವ್ವ" ಅಂದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ನನಗೂ ಖುಷಿಯಾಯಿತು, ದಡ್ಡಿ.

ಮಾರನೇ ಬೆಳಿಗ್ಗೆ ಹಿತ್ತಿಲಲ್ಲಿ ದೊಡ್ಡ ಹಂಡೆ. ಹುಣಸೆ ಬೀಜ ಕುದಿಯುತ್ತಿತ್ತು. ಮಗ್ಗದ ನೂಲಿಗೆ ಹಚ್ಚಲು ಅಂದುಕೊಂಡೆ. ಮಾವ ಅದನ್ನು ಆರಿಸಿ, ಬೂಸಾ ಕಲೆಸಿ, ಗಬ್ಬದ ಕುರಿಗಳ ಮುಂದೆ ಇಟ್ಟರು. ಅವು ಚಪ್ಪರಿಸಿಕೊಂಡು ಕುಡಿದವು.

"ಮಾವ, ನಾನು ಹೇಳಿದ್ದು ಹಾಗಲ್ಲ."

"ನೀನೇ ಹೇಳ್ದಲ್ಲವ್ವ, ತಾಯಿ ಗಂಜಿ ಹಚ್ತಾಳೆ ಅಂತ. ತಾಯಿತಾವ ಗಂಜಿ ಇರ್ಬೇಕೋ ಬ್ಯಾಡ್ವೋ?"

ಇದಕ್ಕೆ ಏನು ಹೇಳುತ್ತೀರಿ? ಜೀವಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಗಂಜಿಯಿಂದ ಕೇಡೇನೂ ಇಲ್ಲವಲ್ಲ ಅಂತ ಕಾಲೇಜಿಗೆ ಹೊರಟೆ. ಆದರೆ ಅದು 'ಉಂಡದ್ದು' ಮಾತ್ರ. ಮರುವಾರ 'ಕಂಡದ್ದು' ಶುರುವಾಯಿತು.

ಗಬ್ಬದ ಕುರಿಗಳ ಕಣ್ಣಿಗೆ ಬಿಳೀದು ಬೀಳಬಾರದು. ರೊಪ್ಪದ ಪಕ್ಕದ ಸುಣ್ಣದ ಗೋಡೆಗೆ ಮಾವ ಟಾರು ಬಳಿದರು. ಹಾಲಿನ ಕ್ಯಾನಿಗೆ ಕರಿ ಬಟ್ಟೆ ಸುತ್ತಿದರು. ಮನೆಯ ಎರಡು ಬಿಳಿ ಕೋಳಿಗಳು ನೆಂಟರ ಮನೆ ಸೇರಿದವು. ನನ್ನ ಗಂಡನ ಬಿಳಿ ಹೆಲ್ಮೆಟ್ ರಸ್ತೆಯ ಬದಿಯ ಹುಣಸೆ ಮರಕ್ಕೆ ನೇತುಬಿತ್ತು. ಅವರು ಡ್ಯೂಟಿಯಿಂದ ಬಂದು ಅಲ್ಲೇ ಬಿಚ್ಚಿಟ್ಟು ಒಳಗೆ ಬರಬೇಕು. ನನ್ನ ಲ್ಯಾಬ್ ಕೋಟನ್ನು ಮಡಚಿ ಚೀಲದ ತಳದಲ್ಲಿ ಇಟ್ಟುಕೊಂಡು, ಗಾಂಜಾ ಸಾಗಿಸುವವಳ ಹಾಗೆ ಬಸ್ ಹತ್ತುತ್ತಿದ್ದೆ. ಆಮೇಲೆ ಕೊಕ್ಕರೆಗಳ ಸಮಸ್ಯೆ ಬಂತು. ಕೆರೆಯ ಕಡೆಯಿಂದ ಬಂದು ಕುರಿಗಳ ಬೆನ್ನ ಮೇಲೆಯೇ ಕೂರುವ ಹಕ್ಕಿಗಳು ಅವು, ಹಾಲಿನಂಥ ಬಿಳಿ. ಮಾವ ಮಗ್ಗ ಬಿಟ್ಟು, ಕರಿ ಟವಲ್ ಬೀಸುತ್ತಾ, "ಹೋಗ್ರೋ, ನಿಮ್ಮ ವಂಶ ನಿರ್ವಂಶವಾಗ" ಅಂತ ಹೊಲದ ತುಂಬ ಓಡಾಡುತ್ತಿದ್ದರು. ಕೊಕ್ಕರೆಗಳು ಕೇಳಲಿಲ್ಲ. ಕೊನೆಗೆ, ಹಕ್ಕಿ ಮೈ ಸೋಕದ ಹಾಗೆ, ಪ್ರತಿ ಗಬ್ಬದ ಕುರಿಯ ಬೆನ್ನಿಗೂ ಒಂದೊಂದು ಹಳೇ ಕಂಬಳಿ ಕಟ್ಟಿದರು. ಕುರಿಯ ಮೇಲೆ ಕುರಿಯದೇ ಕಂಬಳಿ. ಏಪ್ರಿಲ್ ಬಿಸಿಲು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು.

ನಾನು ನಗುತ್ತಿದ್ದೆ. ನಗು ನಿಂತದ್ದು ಅತ್ತೆ ನನ್ನ ಕೋಣೆಗೆ ಬಂದ ದಿನ.

ಅತ್ತೆ ಒಂದು ಸುತ್ತು ಕ್ಯಾಲೆಂಡರ್ ತಂದಿದ್ದರು. ಬೆಳ್ಳಗೆ, ದುಂಡಗೆ, ಹಲ್ಲಿಲ್ಲದ ಬಾಯಿ ಬಿಟ್ಟು ನಗುವ ಕೂಸುಗಳು. ಮಂಚದಿಂದ ಕಾಣುವ ಹಾಗೆ ನಾಲ್ಕೂ ಗೋಡೆಗೆ ಮೊಳೆ ಹೊಡೆದರು.

"ಇದೇನು ಅತ್ತೆ?"

"ನೀನೇ ಅಂದ್ಯಲ್ಲೇ, ತಾಯಿ ಕಂಡದ್ದು ಅಂತ. ಕುರಿಗೊಂದು ನ್ಯಾಯ, ನಿಂಗೊಂದು ನ್ಯಾಯವಾ?"

ಅಲ್ಲಿಂದ ನಮ್ಮ ಮನೆ ಎರಡು ಭಾಗವಾಯಿತು. ಹಿತ್ತಿಲಲ್ಲಿ ಮಾವನ ಕರಿ ರಾಜ್ಯ, ನಡುಮನೆಯಲ್ಲಿ ಅತ್ತೆಯ ಬಿಳಿ ರಾಜ್ಯ. ನನಗೆ ಕೇಸರಿ ಹಾಲು, ಬಿಳಿ ಅನ್ನ, ಕೊಬ್ಬರಿ, ಮೂಲಂಗಿ. ನೇರಳೆಹಣ್ಣು ಕೂಡದು. ರಾಗಿ ಮುದ್ದೆ ಕೂಡದು, ಅದು ಕಪ್ಪು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವಳಿಂದ ಮುದ್ದೆ ಕಿತ್ತುಕೊಳ್ಳುವುದು ಅಂದರೆ ಏನು ಅಂತ ನಿಮಗೆ ಗೊತ್ತಾ? ನನ್ನ ಪಾಲಿನ ಮುದ್ದೆಯನ್ನು ಮಾವ ಭಕ್ತಿಯಿಂದ ಎತ್ತಿಕೊಂಡು ಹೋಗಿ ಕುರಿಗಳಿಗೆ ಹಾಕುತ್ತಿದ್ದರು, ಅದು ಕಪ್ಪಲ್ಲವಾ ಅಂತ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬಸುರಿ ಕುರಿ ಸೊಪ್ಪಿನ ಸಾರಿನಲ್ಲಿ ಅದ್ದಿದ ಮುದ್ದೆ ತಿನ್ನುತ್ತಿತ್ತು, ಬಸುರಿ ಹೆಂಗಸು ಮೂಲಂಗಿ ಕಡಿಯುತ್ತಿದ್ದಳು. ಸಿಟ್ಟಿನಲ್ಲಿ ಅಳುವೇ ಬಂತು.

ಅಷ್ಟಾದರೆ ಸಹಿಸಬಹುದಿತ್ತು. ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಅತ್ತೆ ಡಬ್ಬಿಯಲ್ಲಿ ಬಚ್ಚಿಟ್ಟರು. ಅದು ನುಂಗಿದರೆ ಮಗು ಕಪ್ಪಾಗುತ್ತದಂತೆ. ತುಮಕೂರಿಗೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ಬಯಾಲಜಿ ಟೀಚರ್ ಅಂತೀರ, ರಕ್ತ ಎಲ್ರೀ?" ಅಂದರು. ಮೂವತ್ತು ವರ್ಷದ ಹೆಂಗಸು ನಾನು, ಬೇರೆ ಮಾತ್ರೆ ಕೊಂಡು ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಇಟ್ಟುಕೊಂಡು ಕದ್ದು ನುಂಗತೊಡಗಿದೆ. ಮಕ್ಕಳಿಗೆ ಪಾಠ ಮಾಡುವಾಗ ನಾಚಿಕೆಯಾಗುತ್ತಿತ್ತು. ಅತ್ತೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಇನ್ನೂ ಹುಟ್ಟದ ಮಗುವನ್ನು ಆಗಲೇ ಅಳೆಯುತ್ತಿದ್ದಾರೆ, ಇನ್ನು ಹುಟ್ಟಿದ ಮೇಲೆ ಗತಿಯೇನು?

ನನಗೆ ಏಳು ತುಂಬುವ ಹೊತ್ತಿಗೆ ಕುರಿಗಳು ಈಯತೊಡಗಿದವು. ಮೊದಲ ಮರಿ ಕಪ್ಪು. ಎರಡನೆಯದು ಕಪ್ಪು. ಐದರವರೆಗೂ ಕಪ್ಪೇ. ಮಾವ ಪ್ರತಿ ಸಲವೂ ನನ್ನ ಕಡೆ ತಿರುಗಿ, "ಗಂಜಿ ಕಣವ್ವಾ, ಗಂಜಿ!" ಅನ್ನುತ್ತಿದ್ದರು. ಇಲ್ಲ ಮಾವ, ಎಳ್ಳಿನ ಲೆಕ್ಕ ಅಂತ ಹೇಳಿ ಹೇಳಿ ಬಾಯಿ ನೋವು ಬಂತು. ಆರನೆಯ ಸರದಿ ಮಾವನ ಅಚ್ಚುಮೆಚ್ಚಿನ ಕುರಿಯದು. ಕಂಬಳಿ ಕಳಚದೆ, ಕೊಕ್ಕರೆಯ ನೆರಳೂ ಸೋಕದೆ, ಎಲ್ಲಕ್ಕಿಂತ ಹೆಚ್ಚು ಗಂಜಿ ಕುಡಿದು, ನನ್ನ ಮುದ್ದೆಯಲ್ಲಿ ದೊಡ್ಡ ಪಾಲು ತಿಂದಿದ್ದ ಕುರಿ. ಅದು ಒಂದು ಭಾನುವಾರ ಮಧ್ಯಾಹ್ನ ಈಯಿತು. ಮರಿ ಬಿಳಿ. ಒಂದು ಚುಕ್ಕೆ ಕಪ್ಪಿಲ್ಲ, ಗೊರಸೂ ಬಿಳಿ.

ಮಾವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಾವ್ದೋ ಕೊಕ್ರೆ ನೋಡ್ಬುಟ್ಟದೆ" ಅಂದರು. ಯಾರೂ ನಗಲಿಲ್ಲ. ಮಾವ ಸುಮ್ಮನೆ, ಅಭ್ಯಾಸಬಲದಿಂದ, ಮರಿಯ ಬೆನ್ನಿನ ಉಣ್ಣೆ ಬಿಡಿಸಿ ಬುಡ ನೋಡಿದರು. ಇನ್ನೊಂದು ಕಡೆ ಬಿಡಿಸಿದರು. ಆಮೇಲೆ ಹೆಬ್ಬೆರಳಿನಲ್ಲಿ ಉಜ್ಜಿ ಕಣ್ಣು ಮುಚ್ಚಿಕೊಂಡರು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

"ಹಿಂಗಿರೋ ಉಣ್ಣೆ ನಾನು ಮುಟ್ಟೇ ಇಲ್ಲ ಕಣವ್ವ. ಎಷ್ಟು ಒತ್ತಾಗೈತೆ ನೋಡು ಬುಡ" ಅಂದರು.

ನಾನೂ ಬಗ್ಗಿ ನೋಡಿದೆ. ನಿಜ. ಚರ್ಮ ಕಾಣದಷ್ಟು ಒತ್ತು. ಒಂದು ಮರಿ ನೋಡಿ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ನನ್ನ ವಿದ್ಯಾರ್ಥಿ ಹಾಗೆ ಬರೆದರೆ ಸೊನ್ನೆ ಕೊಡುತ್ತೇನೆ. ಆದರೂ ಗಂಜಿ, ಬೂಸಾ, ನನ್ನ ಮುದ್ದೆ ಎಲ್ಲ ಸೇರಿ ಆ ಕುರಿಯ ಹೊಟ್ಟೆಯಲ್ಲಿ ತಮ್ಮ ಕೆಲಸ ಮಾಡಿದ್ದವು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಬಣ್ಣ ಮಾತ್ರ ಯಾರ ಮಾತೂ ಕೇಳಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಪಕ್ಕದ ಊರಿನಿಂದ ಮೇಕೆ ಸಾಕಿದ್ದ ಒಬ್ಬರು ಬಂದು ಜಗಲಿಯ ಮೇಲೆ ಕೂತರು. ಮಾವ ಮರಿಯನ್ನು ಎತ್ತಿಕೊಂಡು ರೊಪ್ಪದಿಂದ ಹೊರಗೆ ಬಂದರು. ತಾಯಿ ಕುರಿ ಬೇಲಿಗೆ ಮುಖವಿಟ್ಟು ಒದರುತ್ತಿತ್ತು. ಮಾವನ ಕಣ್ಣಲ್ಲಿ ನೀರಿತ್ತು, ಆದರೂ ನಡೆದೇ ಬರುತ್ತಿದ್ದರು. ನಾನು ಕಾಲೇಜಿಗೆ ಹೊರಟವಳು, ಚೀಲ ಹೆಗಲಿಗೆ ಹಾಕಿಕೊಂಡೇ ಹೋಗಿ ದಾರಿಗೆ ಅಡ್ಡ ನಿಂತೆ. ನನ್ನ ಹೊಟ್ಟೆ ಆಗ ಅಡ್ಡ ನಿಲ್ಲಲು ಒಳ್ಳೆಯ ಗಾತ್ರಕ್ಕೆ ಬಂದಿತ್ತು.

"ಅದನ್ನ ಯಾಕೆ ಕಳಿಸ್ತಿದ್ದೀರಿ ಮಾವ? ಏನು ತಪ್ಪು ಮಾಡಿದೆ ಅದು?"

"ಪದ್ಧತಿ ಕಣವ್ವ. ಬಣ್ಣ..."

"ಬಣ್ಣ! ಬಿಳಿ ಅಂತ ಅದನ್ನ ಇವತ್ತು ಕಳಿಸ್ತೀರಿ. ನಾಳೆ ನನ್ನದು ಕಪ್ಪಗೆ ಹುಟ್ಟುತ್ತೆ. ಹುಟ್ಟೇ ಹುಟ್ಟುತ್ತೆ, ನನ್ನನ್ನ ನೋಡಿ! ಅದನ್ನ ಯಾರ ಮನೆಗೆ ಕಳಿಸ್ತೀರಿ? ಯಾರ ಮನೆ ಮೇಕೆ ಹಾಲು ಹುಡುಕಿದ್ದೀರಿ ಅದಕ್ಕೆ?"

ಜಗಲಿಯ ಮೇಲೆ ಕೂತವರು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ನಾನು ಅತ್ತೆಯ ಕಡೆ ತಿರುಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ, ಮಾತ್ರೆ ಬಚ್ಚಿಟ್ಟದ್ದು, ಕ್ಯಾಲೆಂಡರು, ಮೂಲಂಗಿ. ಅತ್ತೆ ತಿರುಗಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಾನೇನು ಬೆಳ್ಳಗಿದೀನೇನೇ?" ಅಂದರು.

ಮೂರು ವರ್ಷದಿಂದ ನೋಡುತ್ತಿದ್ದ ಮುಖವನ್ನು ನಾನು ಆಗ ನೋಡಿದೆ. ಅತ್ತೆ ನನಗಿಂತ ಕಪ್ಪು.

"ನನ್ ಮೊದಲ್ನೇದು ಹೆಣ್ಮಗ. ಆಗ್ಲೂ ಹಿಂಗೇ, ಮುದ್ದೆ ಬುಡ್ಸುದ್ರು, ಕೇಸ್ರಿ ಕುಡ್ಸುದ್ರು, ನಮ್ಮತ್ತೆ. ಮಗ ಕರ‍್ರಗೆ ಹುಟ್ತು. ಬಂದೋರೆಲ್ಲ ಬಗ್ಗಿ ನೋಡೋರು, ಹೋಗೋರು. ಮೂರ್ ದಿನ ಒಬ್ರೂ ಎತ್ಕಳ್ಲಿಲ್ಲ ಕಣೇ ನನ್ ಮಗೀನ. ನಂಗೆ ಬಾಣಂತಿ ಜ್ವರ, ಎದ್ದು ಎತ್ಕಳಕ್ಕೆ ಆಗ್ತಿರ್ಲಿಲ್ಲ. ಅದು ಅತ್ಕಂಡೇ ಮಲ್ಗಿತ್ತು." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಿನ್ನದನ್ನ ಎಲ್ರೂ ಎತ್ಕಳ್ಲಿ ಅಂತ ಕಣೇ ನಾನು ಬಡ್ಕಂಡಿದ್ದು. ನಂಗೇನು ಬೇರೆ ದಾರಿ ಗೊತ್ತಿತ್ತು?"

ಆ ಮಗು ನನ್ನ ಗಂಡನ ಅಕ್ಕ, ಈಗ ಎರಡು ಮಕ್ಕಳ ತಾಯಿ. ಇವತ್ತಿಗೂ ಯಾವ ಫೋಟೊದಲ್ಲೂ ಮುಂದೆ ನಿಲ್ಲುವವರಲ್ಲ. ತಾಯಿ ಹೆದರಿದ್ದು ಉಳಿಯುತ್ತದೆ ಅಂತ ಊಟದ ಹೊತ್ತಿನಲ್ಲಿ ನಾನೇ ಪಾಠ ಮಾಡಿದ್ದೆ, ಕುರಿಗಳ ವಿಷಯ ಅಂದುಕೊಂಡು. ನಾನೂ ಹೊಸ್ತಿಲ ಪಕ್ಕ ನೆಲಕ್ಕೆ ಕೂತೆ. ಆ ದಿನ ಕಾಲೇಜಿಗೆ ಹೋಗಲಿಲ್ಲ.

ಮಾವ ಅಷ್ಟು ಹೊತ್ತೂ ಮರಿ ಎತ್ತಿಕೊಂಡು ಅಂಗಳದಲ್ಲೇ ನಿಂತಿದ್ದರು. ಆಮೇಲೆ, "ಗದ್ದುಗೆ ಕಂಬ್ಳಿಗೆ ಇದರದ್ದು ಹಾಕಲ್ಲ. ಇರೋಕೇನು, ಇರ್ಲಿ" ಅಂದು ಮರಿಯನ್ನು ತಾಯಿಯ ಹತ್ತಿರ ಬಿಟ್ಟು ಬಂದರು. ಅಷ್ಟರ ಮೇಲೆ ಪದ್ಧತಿಯ ಮಾತು ಬರಲಿಲ್ಲ. ಮಧ್ಯಾಹ್ನ ಅತ್ತೆ ಮುದ್ದೆ ತೊಳಸಿದರು. ನನ್ನ ತಟ್ಟೆಗೆ ಎರಡು ಇಟ್ಟರು.

ಮಗಳು ಹುಟ್ಟಿದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಕಪ್ಪು. ನನಗಿಂತ ಒಂದು ಕೈ ಮೇಲು, ಅತ್ತೆಯ ಬಣ್ಣ. ಹೆಣ್ಣು ನೋಡಲು ಬಂದಿದ್ದ ಅದೇ ದೊಡ್ಡಮ್ಮ ಮೊದಲನೇ ದಿನವೇ ಬ್ರೆಡ್ಡು, ಹಾರ್ಲಿಕ್ಸ್ ಹಿಡಿದುಕೊಂಡು ವಾರ್ಡಿಗೆ ಬಂದರು. ಅತ್ತೆಯ ಕೈಯಲ್ಲಿದ್ದ ಮಗುವಿನ ಮುಖದ ಬಟ್ಟೆ ಸರಿಸಿ, "ಎಲ್ಲ ಸರಿ, ಬಣ್ಣ ಒಂದು ಒಸಿ..." ಅಂದರು.

"ಬಣ್ಣ ಕೇಳೋದು ಕುರಿಗೆ ಕಣಕ್ಕಾ" ಅಂದರು ಅತ್ತೆ, ಇಡೀ ವಾರ್ಡಿಗೆ ಕೇಳುವ ಹಾಗೆ. "ಮಗೀಗಲ್ಲ."

ದೊಡ್ಡಮ್ಮ ಎತ್ತಿಕೊಳ್ಳಲು ಕೈ ಚಾಚಿದರು. ಅತ್ತೆ ಕೊಡಲಿಲ್ಲ. ಮಾವನಿಗೂ ಕೊಡಲಿಲ್ಲ, ನನ್ನ ಗಂಡನಿಗೂ ಕೊಡಲಿಲ್ಲ. ನನಗೆ ಹಾಲು ಕುಡಿಸುವಷ್ಟು ಹೊತ್ತು ಮಾತ್ರ ಕೊಟ್ಟು, ತೇಗು ಬರುವ ಮೊದಲೇ ಕಿತ್ತುಕೊಳ್ಳುತ್ತಿದ್ದರು. ಪಕ್ಕದಲ್ಲಿ ತೊಟ್ಟಿಲಿತ್ತು, ಮಂಚವಿತ್ತು, ಎರಡರಲ್ಲೂ ಇಡಲಿಲ್ಲ. ಕೂತೇ ತೂಕಡಿಸಿದರು, ಒಂದೇ ಕೈಯಲ್ಲಿ ಊಟ ಮಾಡಿದರು. ಮೂರನೇ ದಿನಕ್ಕೆ ಅವರ ತೋಳು ನಡುಗುತ್ತಿತ್ತು.

"ಸ್ವಲ್ಪ ಹೊತ್ತು ಕೆಳಗೆ ಮಲಗಿಸಿ ಅತ್ತೆ, ಕೈ ನೋಯುತ್ತೆ" ಅಂದೆ.

"ನೋಯ್ಲಿ ಬುಡು" ಅಂದರು.